ಎರಡನೆಯ ಸಲ ಕೇಳಿದವಳು

ನನ್ನೆದುರು ಯಾರಾದರೂ ದೆವ್ವದ ಕತೆ ತೆಗೆದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಆ ಮನೆಯ ವೈರಿಂಗ್ ಎಷ್ಟು ಹಳೆಯದು?’ ಎಂದು. ತಾನಾಗಿ ಹೊತ್ತಿಕೊಳ್ಳುವ ದೀಪ, ತಾನಾಗಿ ಬಡಿದುಕೊಳ್ಳುವ ಬಾಗಿಲು, ಎಲ್ಲಕ್ಕೂ ನನ್ನ ಬಳಿ ಒಂದೊಂದು ಕಾರಣ ಸಿದ್ಧವಾಗಿರುತ್ತಿತ್ತು. ಕತೆ ಹೇಳುವವರ ಮುಖ ಸಪ್ಪಗಾಗುವುದನ್ನು ನೋಡಿ ಒಳಗೊಳಗೇ ಖುಷಿಪಡುತ್ತಿದ್ದೆ, ಅದನ್ನೂ ಮುಚ್ಚಿಡುವುದಿಲ್ಲ. ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಕಾರ್ಖಾನೆಗಳ ತಪಾಸಣೆ ಮಾಡುತ್ತ ಮೂವತ್ತು ವರ್ಷ ಕಳೆದವನು ನಾನು. ಎಲ್ಲಿ ಬೆಂಕಿ ಹತ್ತಬಹುದು, ಹತ್ತಿದರೆ ಜನ ಎಲ್ಲಿಂದ ಓಡಬೇಕು, ಇವೆರಡನ್ನು ಬಿಟ್ಟು ಬೇರೆ ಯಾವುದಕ್ಕೂ ಹೆದರುವ ಅಭ್ಯಾಸ ನನಗಿರಲಿಲ್ಲ.

ಇಂಥ ಅನುಭವಗಳು ರಾತ್ರಿಯ ಹೊತ್ತೇ ಆಗಬೇಕೆಂಬ ನಿಯಮವಿರುವಂತೆ ಕಾಣುತ್ತದೆ. ನನಗಾದದ್ದು ಹಾಡುಹಗಲು ಮೂರು ಗಂಟೆಗೆ, ಸೂರತ್‌ನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಡೈಯಿಂಗ್ ಮಿಲ್ಲಿನ ಮೂರನೆಯ ಮಹಡಿಯಲ್ಲಿ, ಸಾಲು ಟ್ಯೂಬ್‌ಲೈಟುಗಳ ಕೆಳಗೆ. ಪಕ್ಕದಲ್ಲಿ ಸಾಕ್ಷಿಯೂ ಇದ್ದರು. ಆದರೆ ಅದನ್ನು ಹೇಳಬೇಕಾದರೆ ಮೊದಲು ನನ್ನ ಹೆಂಡತಿಯ ಮಠಗಳ ವಿಷಯ ಹೇಳಬೇಕು.

ಸುನಂದಾ ನಂಜನಗೂಡಿನ ಕಡೆಯವಳು. ನಾನು ಗದಗದವನು. ಮದುವೆಯಾದ ಹೊಸದರಲ್ಲಿ ನನಗೆ ಅಹಮದಾಬಾದಿಗೆ ಪೋಸ್ಟಿಂಗ್ ಆಯಿತು. ಮಣಿನಗರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಅವಳಿಗೆ ಹಿಂದಿ ಬರುತ್ತಿರಲಿಲ್ಲ, ಗುಜರಾತಿಯಂತೂ ದೂರ ಉಳಿಯಿತು. ನಾನು ಬೆಳಿಗ್ಗೆ ಹೋದರೆ ಸಂಜೆಯವರೆಗೆ ಅವಳ ಬಾಯಿಂದ ಒಂದು ಮಾತು ಹೊರಡುವ ಸಂದರ್ಭವಿರಲಿಲ್ಲ. ಆಗಲೇ ಬರೆಯಲು ಶುರು ಮಾಡಿದಳಂತೆ. ಪ್ರತಿ ಜನವರಿಗೆ ನಮ್ಮ ಕಂಪನಿ ಕೊಡುತ್ತಿದ್ದ ಡೈರಿಯನ್ನು ನಾನು ಮನೆಗೆ ತಂದು ಬಿಸಾಡುತ್ತಿದ್ದೆ. ಅವಳು ತಾರೀಕುಗಳನ್ನು ಲೆಕ್ಕಿಸದೆ ಅದರ ತುಂಬ ಬರೆಯುತ್ತಿದ್ದಳು. ನಾವು ವಡೋದರಾಕ್ಕೆ ಬಂದು ಮಕರಪುರದ ಹತ್ತಿರ ಮನೆ ಮಾಡುವ ಹೊತ್ತಿಗೆ ಆರು ಡೈರಿ ತುಂಬಿದ್ದವು. ಕೊನೆಗೆ ಒಂಬತ್ತಾದವು.

ಅದರಲ್ಲಿದ್ದದ್ದು ಒಂದು ನಾಡು. ಎಲ್ಲಿಯೂ ಇಲ್ಲದ ನಾಡು, ಅವಳೇ ಕಟ್ಟಿದ್ದು. ಒಂಬತ್ತು ಗುಡ್ಡ, ಗುಡ್ಡಕ್ಕೊಂದು ಮಠ, ಮಠಕ್ಕೊಂದು ಸಿದ್ಧಾಂತ. ಬೆಳಕಿನ ಮಠದವರು ಕಂಡದ್ದಷ್ಟೇ ನಿಜ ಎನ್ನುವವರು. ನೆರಳಿನ ಮಠದವರ ಪ್ರಕಾರ ವಸ್ತು ಸುಳ್ಳು, ಅದರ ನೆರಳು ನಿಜ. ಅವರು ಒಬ್ಬರ ನೆರಳನ್ನೊಬ್ಬರು ತುಳಿಯದಂತೆ ನಡೆಯಬೇಕಾದ್ದರಿಂದ ಊಟದ ಪಂಕ್ತಿಯಲ್ಲಿ ಕೂರುವುದಕ್ಕೇ ಅರ್ಧ ದಿನ ಹಿಡಿಯುತ್ತಿತ್ತು. ಹೀಗೆ ಎಲ್ಲ ಮಠಗಳಿಗೂ ಅವಳು ಗುರುಗಳನ್ನು, ಜಗಳಗಳನ್ನು, ಅಡುಗೆಯ ಪಟ್ಟಿಯನ್ನು ಬರೆದಿದ್ದಳು.

ಇವೆಲ್ಲದರ ನಡುವೆ ಗುಡ್ಡವೂ ಇಲ್ಲದ ಒಂದು ಚಿಕ್ಕ ಪಂಥವಿತ್ತು. ಹನ್ನೊಂದೇ ಜನ. ಬೆಳಕಿನ ಮಠದ ಅಡುಗೆಮನೆಯ ಹಿಂದೆ, ಆಡು ಕಟ್ಟುವ ಕೊಟ್ಟಿಗೆಯಲ್ಲಿ ಇರುವವರು. ಅವರಿಗೆ ಮರುಕೇಳಿಕೆಯವರು ಎಂದು ಹೆಸರು. ಮೊದಲ ಸಲ ಕೇಳುವುದು ಬಾಯಿಯ ಅಭ್ಯಾಸ, ಎರಡನೆಯ ಸಲ ಕೇಳುವುದು ಮನುಷ್ಯ ಎಂಬುದು ಅವರ ಸಿದ್ಧಾಂತ. ಹಾಗಾಗಿ ಒಮ್ಮೆ ಕೇಳಿದ್ದಕ್ಕೆ ಅವರು ಉತ್ತರವನ್ನೇ ಕೊಡುವುದಿಲ್ಲ. ‘ಇನ್ನಷ್ಟು ಅನ್ನ ಬೇಕೇ’ ಎಂದು ಬಡಿಸುವವನು ಒಮ್ಮೆ ಕೇಳಿ ಮುಂದೆ ಹೋದರೆ ಅವತ್ತು ಅರೆಹೊಟ್ಟೆ. ದೊಡ್ಡ ಮಠಗಳ ಪಂಡಿತರು ವಾದಕ್ಕೆ ಬಂದು ಘನವಾದ ಪ್ರಶ್ನೆ ಹಾಕುತ್ತಿದ್ದರು. ಇವರು ಸುಮ್ಮನೆ ಕೂರುತ್ತಿದ್ದರು. ಪಂಡಿತರು ಗೆದ್ದೆವೆಂದು ಶಂಖ ಊದಿಸಿಕೊಂಡು ಹೊರಡುತ್ತಿದ್ದರು. ಎರಡನೆಯ ಸಲ ಕೇಳುವ ತಾಳ್ಮೆ ಯಾವ ಪಂಡಿತನಿಗೂ ಇರಲಿಲ್ಲವಾದ್ದರಿಂದ ಆ ಪಂಥ ತನ್ನ ಚರಿತ್ರೆಯಲ್ಲಿ ಒಂದು ವಾದವನ್ನೂ ಗೆಲ್ಲಲಿಲ್ಲ. ಎಲ್ಲರೂ ಅವರನ್ನು ಕಿವುಡರ ಮಠ ಎಂದು ಆಡಿಕೊಳ್ಳುತ್ತಿದ್ದರು.

ಆಡಿಕೊಂಡವರಲ್ಲಿ ನಾನೂ ಒಬ್ಬ. ಒಂದು ಯುಗಾದಿಯ ದಿನ ವಡೋದರಾದ ಕನ್ನಡದ ನಾಲ್ಕೈದು ಸಂಸಾರಗಳು ನಮ್ಮ ಮನೆಗೆ ಊಟಕ್ಕೆ ಬಂದಿದ್ದವು. ಬ್ಯಾಂಕಿನವರು, ರೈಲ್ವೆಯವರು, ಅವರ ಮಕ್ಕಳು. ಹೋಳಿಗೆ ತಿಂದು ಎಲ್ಲರೂ ಹರಟೆಗೆ ಕೂತಾಗ ನಾನು ಶೆಲ್ಫಿನಿಂದ ಒಂದು ಡೈರಿ ತೆಗೆದು ಆ ವಾದದ ಪ್ರಸಂಗವನ್ನು ಹರಿಕತೆಯ ಧಾಟಿಯಲ್ಲಿ ಓದಿದೆ. ‘ನೋಡ್ರೀ, ನಮ್ಮ ಮನ್ಯಾಗ ಒಬ್ರು ಮಠಾಧಿಪತಿ ಅದಾರ’ ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುನಂದಾ ಕೂಡ ನಕ್ಕಳು. ಕೈಯಲ್ಲಿ ಮಜ್ಜಿಗೆ ಲೋಟಗಳ ತಟ್ಟೆಯಿತ್ತು, ನಗುತ್ತಲೇ ಎಲ್ಲರಿಗೂ ಕೊಟ್ಟಳು. ಮರುದಿನ ಶೆಲ್ಫಿನಲ್ಲಿ ಡೈರಿಗಳಿರಲಿಲ್ಲ. ಎಲ್ಲಿ ಎಂದು ನಾನು ಕೇಳಲೂ ಇಲ್ಲ. ಅದಾದ ಮೇಲೆ ಅವಳು ಬರೆಯುವುದನ್ನು ನಾನು ನೋಡಿದ್ದು ಕಡಿಮೆ. ಬಿಟ್ಟಳೆಂದೇ ತಿಳಿದಿದ್ದೆ.

ಅದಾಗಿ ಕೆಲವು ವರ್ಷಗಳಿಗೆ ಅವಳ ಎದೆಗೆ ತೊಂದರೆಯಾಯಿತು. ಎರಡು ದಿನದಿಂದ ಹಿಡಿದಂತಾಗುತ್ತಿತ್ತು. ಆ ಎರಡು ದಿನದ ವಿಷಯವನ್ನು ಕೊನೆಗೆ ಹೇಳುತ್ತೇನೆ, ಈಗ ಕೈ ಬರುತ್ತಿಲ್ಲ. ಮೂರನೆಯ ದಿನ ಬೆಳಗಿನ ಜಾವ ಆಸ್ಪತ್ರೆಗೆ ಸೇರಿಸಿದೆ. ಹತ್ತು ಗಂಟೆಯ ಹೊತ್ತಿಗೆ ಡಾಕ್ಟರು ಬಂದು, ಅಪಾಯ ದಾಟಿದೆ, ಮಾತಾಡಿಸಬಹುದು ಎಂದರು. ನಾನು ಒಳಗೆ ಹೋದೆ. ಮುಖ ಸಣ್ಣದಾಗಿತ್ತು, ಆದರೆ ಕಣ್ಣುಗಳು ಚುರುಕಾಗಿಯೇ ಇದ್ದವು.

‘ಡೈರಿಗಳು ಅಕ್ಕಿ ಡಬ್ಬದ ಹಿಂದಿವೆ’ ಎಂದಳು. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಹೆಂಗಸೊಬ್ಬಳು ಆಡುವ ಮೊದಲ ಮಾತು ಇದೇ? ನನಗೆ ನಗು ಬಂತು. ಆಮೇಲೆ ನನ್ನನ್ನೇ ನೋಡುತ್ತ ಕೇಳಿದಳು, ‘ಅದ್ರಲ್ಲಿ ನೀವೂ ಇದ್ದೀರಿ ಕಣ್ರೀ. ಸಿಕ್ಕಿದ್ರಾ?’

ನಾನು ಓದಿಯೇ ಇರಲಿಲ್ಲ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಾಲ್ಕು ಜನರನ್ನು ನಗಿಸಲು ಓದಿದ ಆ ಎರಡು ಪುಟ ಬಿಟ್ಟರೆ ಒಂದಕ್ಷರ ಓದಿರಲಿಲ್ಲ. ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ಹಾಗಾಗಿ ನನ್ನ ಚಾಳಿಯಂತೆ ತಮಾಷೆಗಿಳಿದೆ. ‘ಇನ್ನೊಮ್ಮೆ ಕೇಳು, ಹೇಳತೀನಿ. ನಿಮ್ಮ ಮಠದ ರೂಲ್ ಅದಲ್ಲೇನ?’ ಎಂದೆ.

ಅವಳು ನಕ್ಕಳು. ‘ಸರಿ, ಆಮೇಲೆ ಕೇಳ್ತೀನಿ ಬಿಡಿ’ ಎಂದು ಕಣ್ಣು ಮುಚ್ಚಿದಳು.

ನಾನು ಓಡಿಕೊಂಡು ಮನೆಗೆ ಬಂದೆ. ಸಂಜೆಯೊಳಗೆ ಒಂದಿಷ್ಟಾದರೂ ಓದಿ, ನನ್ನನ್ನು ಹುಡುಕಿ, ಅವಳು ಕೇಳಿದ ಕೂಡಲೇ ಹೇಳಿ ಅವಳನ್ನು ಬೆರಗುಗೊಳಿಸಬೇಕೆಂದು ಆಸೆಯಾಗಿತ್ತು. ಅಕ್ಕಿ ಡಬ್ಬ ಸರಿಸಿ ಡೈರಿಗಳನ್ನು ತೆಗೆದು ನೆಲದ ಮೇಲೇ ಕೂತೆ. ಹತ್ತು ಹನ್ನೆರಡು ಪುಟ ಆಗಿರಬಹುದು. ಆಸ್ಪತ್ರೆಯಿಂದ ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮುಂದಿನ ಮೂರು ವರ್ಷ ನಾನು ಮಾಡಿದ ಕೆಲಸ ಒಂದೇ. ಆಫೀಸಿನಿಂದ ಬಂದು ಆ ಒಂಬತ್ತು ಡೈರಿಗಳಲ್ಲಿ ನನ್ನನ್ನು ಹುಡುಕುವುದು. ಮಗಳು ಮೈತ್ರಿ ಅಹಮದಾಬಾದಿನಲ್ಲಿ ಫಿಸಿಯೋಥೆರಪಿಸ್ಟ್. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಓದಲು ಬರುವುದಿಲ್ಲ. ‘ಪಪ್ಪಾ, ಮಮ್ಮಿ ಡೈರೀಲಿ ಕ್ಯಾ ಹೈ? ನಂಗೂ ರೀಡ್ ಮಾಡಿ ಹೇಳಿ ನಾ’ ಎಂದು ಒಮ್ಮೆ ಕೇಳಿದಳು. ‘ಮಠಗಳ ಕತಿ’ ಎಂದು ಹೇಳಿ ಮಾತು ತೇಲಿಸಿದೆ. ನನ್ನ ಹುಡುಕಾಟ ಮುಗಿಯುವವರೆಗೆ ಅದನ್ನು ಇನ್ನೊಬ್ಬರ ಎದುರು ತೆರೆಯಲು ನನಗೆ ಮನಸ್ಸಿರಲಿಲ್ಲ.

ಎಷ್ಟು ಹುಡುಕಿದೆನೆಂದರೆ ಪುಟಗಳು ಬಾಯಿಪಾಠವಾದವು. ಬೆಳಕಿನ ಮಠದ ಹಿರಿಯ ಸ್ವಾಮಿ, ಎದುರಿನವರ ಮಾತು ಮುಗಿಯುವ ಮುಂಚೆಯೇ ನಗುವವನು, ನಾನೇ ಇರಬೇಕೆಂದುಕೊಂಡೆ. ಆದರೆ ಅವನು ಸನ್ಯಾಸಿಯಾಗುವ ಮುಂಚೆ ಕುಸ್ತಿ ಆಡುತ್ತಿದ್ದವನು, ನನ್ನ ಮೈ ನೋಡಿದರೆ ಹಾಗೆ ಯಾರೂ ಹೇಳಲಾರರು. ವಾದದ ನಡುವೆ ಗೊರಕೆ ಹೊಡೆದ ಪಂಡಿತ? ಅವನಿಗೆ ಕೊನೆಗೆ ಕುಷ್ಠವಾಗುತ್ತದೆ, ಅಷ್ಟು ಸಿಟ್ಟು ಸುನಂದಾಗೆ ಇರಲಿಲ್ಲ. ನೆರಳಿನ ಮಠದ ದ್ವಾರಪಾಲಕ, ಬಂದವರನ್ನೆಲ್ಲ ಅನುಮಾನದಿಂದ ನೋಡುವವನು? ಮಾತನ್ನು ಅರ್ಧಕ್ಕೇ ತುಂಡರಿಸುವ ಭಂಡಾರಿ? ಒಂದು ಹಂತದಲ್ಲಿ ಕೊಟ್ಟಿಗೆಯ ಆಡೇ ನಾನಿರಬಹುದೇ ಎಂದೂ ಯೋಚಿಸಿದೆ. ಯಾವುದೂ ಸರಿಯಾಗಿ ಕೂರಲಿಲ್ಲ. ಕೆಲವು ದಿನ ಡೈರಿಯನ್ನು ಎದೆಯ ಮೇಲಿಟ್ಟುಕೊಂಡು ಅತ್ತಿದ್ದೇನೆ. ಅವಳು ನನ್ನನ್ನು ಎಲ್ಲಿ ಅಡಗಿಸಿಟ್ಟಳೆಂದು ಅವಳನ್ನೇ ಬೈದಿದ್ದೇನೆ.

ಹೀಗಿರುವಾಗ ಪಾಂಡೇಸರಾದ ಆ ಮಿಲ್ಲಿನ ತಪಾಸಣೆ ಬಂತು. ವಡೋದರಾದಿಂದ ಬೆಳಗಿನ ರೈಲಿಗೆ ಹೊರಟೆವು. ನನ್ನ ಜೊತೆ ಹಿತೇಶ್‌ಭಾಯಿ ಇದ್ದರು. ಸೂರತ್‌ನವರೇ, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಕೆಲಸ ಕಲಿಯಲೆಂದು ನನ್ನ ಜೊತೆ ಹಾಕಿದ್ದರು. ಸ್ಟೇಷನ್ನಿನಿಂದ ಆಟೋದಲ್ಲಿ ಹೋಗಿ ಕೆಳಗಿನ ಬಾಯ್ಲರು, ಬಣ್ಣದ ತೊಟ್ಟಿಗಳು, ಬಟ್ಟೆ ಒಣಗಿಸುವ ಉದ್ದದ ಯಂತ್ರಗಳು, ಎಲ್ಲ ನೋಡಿ ಮುಗಿಸುವಾಗ ಊಟದ ಹೊತ್ತು ಮೀರಿತ್ತು. ಹಬೆ, ಬಣ್ಣದ ಘಾಟು, ಬೆವರು. ಮೂರನೆಯ ಮಹಡಿಯಲ್ಲಿ ಸೀರೆ ಮಡಿಸುವ ವಿಭಾಗ. ಉದ್ದದ ಮೇಜುಗಳ ಎರಡೂ ಕಡೆ ಮೂವತ್ತು ನಲವತ್ತು ಹೆಂಗಸರು ನಿಂತು ಮಡಿಸುತ್ತಿದ್ದರು. ಕೋಣೆಯ ಕೊನೆಯಲ್ಲಿ ಒಂದು ಕಬ್ಬಿಣದ ಬಾಗಿಲಿತ್ತು, ಅದರ ಮುಂದೆ ಬಟ್ಟೆಯ ಗಂಟುಗಳನ್ನು ಒಟ್ಟಿದ್ದರು. ಬೆಂಕಿ ಬಿದ್ದರೆ ಹೊರಗೆ ಹೋಗಲು ಇರುವ ಬಾಗಿಲು ಅದೇ.

ಬಾಗಿಲಿಗೆ ಹತ್ತಿರದಲ್ಲಿ ನಿಂತಿದ್ದ ಹೆಂಗಸನ್ನು ಕೇಳಿದೆ. ನಲವತ್ತರ ಆಸುಪಾಸು, ಮೂಗಿನ ಎರಡೂ ಕಡೆ ನತ್ತು. ಸೂಪರ್‌ವೈಸರು ಸ್ವಲ್ಪ ದೂರದಲ್ಲಿ ನಿಂತಿದ್ದ. ನಾನು ಹಿಂದಿಯಲ್ಲಿ, ಈ ಬಾಗಿಲಿಗೆ ಬೀಗ ಹಾಕುತ್ತಾರೆಯೇ ಎಂದೆ. ‘ಖುಲಾ ರೆಹತಾ ಹೈ ಸಾಬ್’ ಎಂದಳು, ಕಣ್ಣೆತ್ತದೆ. ತೆರೆದೇ ಇರುತ್ತದಂತೆ. ಬರೆದುಕೊಂಡೆ. ನಾಲ್ಕು ಹೆಜ್ಜೆ ಮುಂದೆ ಹೋಗಿ, ಯಾವಾಗಲೂ ಮಾಡುವ ಹಾಗೆ, ತಿರುಗಿ ಬಂದು ಅದನ್ನೇ ಮತ್ತೆ ಕೇಳಿದೆ.

ಅವಳ ಕೈ ನಿಂತಿತು. ಸೀರೆಯ ಅಂಚು ಬೆರಳ ನಡುವೆ ಹಾಗೇ ಇತ್ತು. ತಲೆಯೆತ್ತಿ ನನ್ನನ್ನು ನೋಡಿದಳು. ನೋಡಿ, ಸ್ಪಷ್ಟವಾದ ಕನ್ನಡದಲ್ಲಿ, ಮೈಸೂರು ಕಡೆಯ ಕನ್ನಡದಲ್ಲಿ, ‘ಅದ್ರಲ್ಲಿ ನೀವೂ ಇದ್ದೀರಿ ಕಣ್ರೀ. ಸಿಕ್ಕಿದ್ರಾ?’ ಎಂದಳು.

ದನಿ ಸುನಂದಾಳದಾಗಿರಲಿಲ್ಲ. ಅದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ಇಂಥದ್ದರಲ್ಲಿ ಬಣ್ಣ ಕಟ್ಟುವುದು ಸುಲಭ. ಆ ಹೆಂಗಸಿನದೇ ಒರಟು ದನಿ. ಆದರೆ ‘ಕಣ್ರೀ’ ಎನ್ನುವಲ್ಲಿ ಸ್ವಲ್ಪ ಎಳೆಯುವುದು, ಆಮೇಲೆ ಒಂದು ಕ್ಷಣ ತಡೆಯುವುದು, ಎರಡೂ ಅವಳದೇ ಆಗಿದ್ದವು.

ಯೋಚನೆ ಮಾಡುವಷ್ಟು ಹೊತ್ತು ನನಗೆ ಸಿಗಲಿಲ್ಲ. ನನ್ನ ಬಾಯಿಂದ ನಿಜ ತಾನಾಗಿ ಹೊರಟುಬಿಟ್ಟಿತು. ‘ಇಲ್ಲ, ಸಿಗಲಿಲ್ಲ’ ಎಂದೆ.

ಅವಳು ಅದನ್ನು ಕೇಳಿ, ಮೊದಲೇ ಗೊತ್ತಿದ್ದ ಸುದ್ದಿ ಕೇಳಿದವರ ಹಾಗೆ ತಲೆಯಾಡಿಸಿದಳು. ಸೀರೆಯ ಮಡಿಕೆಯನ್ನು ಪೂರ್ತಿ ಮಾಡಿ ಪಕ್ಕಕ್ಕಿಟ್ಟಳು. ಆಮೇಲೆ ಸೂಪರ್‌ವೈಸರ್ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿ, ಮೊದಲಿನ ಹಿಂದಿಯಲ್ಲೇ ಹೇಳಿದಳು, ‘ತಾಲಾ ರೆಹತಾ ಹೈ ಸಾಬ್. ಚಾಬಿ ನೀಚೇ ಹೈ.’ ಬೀಗ ಹಾಕಿರುತ್ತದೆ, ಬೀಗದಕೈ ಕೆಳಗಿದೆ ಎಂದು.

ಹಿತೇಶ್‌ಭಾಯಿ ನನ್ನ ಭುಜ ತಟ್ಟಿ ನಕ್ಕರು. ‘ಅರೇ ಸಾಹೇಬ್, ಯೇ ತೋ ಆಪ್ ಕೇ ಗಾಂವ್ ಕೀ ನಿಕ್ಲೀ!’ ನಿಮ್ಮ ಊರಿನವಳೇ ಸಿಕ್ಕಳಲ್ಲ ಎಂದು ಅವರಿಗೆ ಸಂಭ್ರಮ. ನಾನು ಫೋನಿನಲ್ಲಿ ಮಗಳ ಜೊತೆ ಆಡುವ ಭಾಷೆ ಅವರಿಗೆ ಕೇಳಿ ಪರಿಚಯವಿತ್ತು. ಅವರು ಹಾಗೆ ಹೇಳದಿದ್ದರೆ ನಾನು ಇದನ್ನು ಹಸಿವಿನ, ಸೆಕೆಯ ಲೆಕ್ಕಕ್ಕೆ ಹಾಕಿ ಮರೆತುಬಿಡುತ್ತಿದ್ದೆ. ಅವರಿಗೂ ಕೇಳಿಸಿತ್ತು. ಅರ್ಥವಾಗಿರಲಿಲ್ಲ, ಅಷ್ಟೆ.

ನಾನು ಮೇಜನ್ನು ಹಿಡಿದುಕೊಂಡು ಆ ಹೆಂಗಸನ್ನು, ನಿಮಗೆ ಕನ್ನಡ ಬರುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದೆ. ‘ಕ್ಯಾ ಸಾಬ್?’ ಎಂದಳು. ಈಗ ನನಗೆ ಏನೆಂದು ಹೇಳಿದಿರಿ? ‘ತಾಲಾ ಬೋಲಾ ಸಾಬ್.’ ಬೀಗದ ವಿಷಯವಷ್ಟೇ ಹೇಳಿದ್ದಂತೆ. ಅದಕ್ಕೂ ಮುಂಚೆ? ಅವಳಿಗೆ ಹೆದರಿಕೆಯಾದಂತೆ ಕಂಡಿತು. ಹೆಸರು ಜಮುನಾ, ಊರು ಒಡಿಶಾದ ಒಂದು ಹಳ್ಳಿ, ಗಂಡ ಮಗ್ಗದ ಕೆಲಸಗಾರ. ಹನ್ನೆರಡು ವರ್ಷದಿಂದ ಸೂರತ್‌ನಲ್ಲಿದ್ದಾಳೆ. ದಕ್ಷಿಣದ ಕಡೆ ಕಾಲಿಟ್ಟವಳಲ್ಲ. ಪಕ್ಕದವಳನ್ನು ವಿಚಾರಿಸಿದರೆ ಕೆಳಗಿನ ಯಂತ್ರಗಳ ಸದ್ದಿನಲ್ಲಿ ತನಗೇನೂ ಕೇಳಿಸಲಿಲ್ಲ ಎಂದಳು. ಯಾರೋ ಕುರ್ಚಿ ತಂದು ನನ್ನನ್ನು ಕೂರಿಸಿ ನೀರು ಕೊಟ್ಟರು. ಹಿತೇಶ್‌ಭಾಯಿ ಕೆಳಗಿನಿಂದ ಬೀಗದಕೈ ತರಿಸಿ, ಗಂಟುಗಳನ್ನು ಸರಿಸಿ, ಬಾಗಿಲು ತೆಗೆಸಿದರು. ಹೊರಗಿನ ಬೆಳಕು ಒಳಗೆ ಬಂತು.

ಸುನಂದಾಳ ಐದನೆಯ ಡೈರಿಯಲ್ಲಿ ಒಂದು ಮಾತಿದೆ. ಒಮ್ಮೆ ಮಾತ್ರ ಕೇಳಿ ಬಿಟ್ಟ ಪ್ರಶ್ನೆ ಸಾಯುವುದಿಲ್ಲ, ತನ್ನನ್ನು ಎರಡನೆಯ ಸಲ ಕೇಳುವ ಬಾಯಿ ಹುಡುಕುತ್ತ ಅದು ಅಲೆಯುತ್ತದೆ ಎಂದು ಮರುಕೇಳಿಕೆಯವರು ನಂಬುತ್ತಾರೆ. ನಾನು ಆ ಸಾಲನ್ನು ಓದಿದಾಗ ಚೆನ್ನಾಗಿದೆ ಅಂದುಕೊಂಡಿದ್ದೆ, ಅಷ್ಟೆ. ಕುರ್ಚಿಯಲ್ಲಿ ಕೂತು ನೀರು ಕುಡಿಯುವಾಗ ಅದು ನೆನಪಿಗೆ ಬಂತು.

ವಾಪಸು ಬರುವ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಹಿತೇಶ್‌ಭಾಯಿ ಸುಮ್ಮನಿರುವ ಜಾತಿಯವರಲ್ಲ. ಆ ಬೀಗದ ಸಂಗತಿ ಅವರ ತಲೆಗೆ ಹತ್ತಿತ್ತು. ‘ಸಾಹೇಬ್, ನೀವು ಪ್ರತಿಯೊಂದನ್ನೂ ಎರಡು ಸಲ ಕೇಳ್ತೀರಿ. ಮೊದಲು ನನಗೆ ಬೇಜಾರಾಗ್ತಿತ್ತು. ಇವತ್ತು ಅರ್ಥ ಆಯ್ತು. ಎಲ್ಲಿ ಕಲಿತಿರಿ ಇದನ್ನ?’ ಎಂದು ಅವರ ಹಿಂದಿಯಲ್ಲಿ ಕೇಳಿದರು.

ನಾನು ಉದಾಸೀನವಾಗಿ, ಅಹಮದಾಬಾದಿನಲ್ಲಿ ಕಲಿತೆ ಎಂದೆ. ಮೊದಲನೆಯ ವರ್ಷ. ನನ್ನ ಮೇಲಧಿಕಾರಿಯೊಬ್ಬರು ಹೇಳಿಕೊಟ್ಟದ್ದು. ಕಾರ್ಖಾನೆಯಲ್ಲಿ ಮೊದಲ ಸಲ ಕೇಳಿದರೆ ಕೆಲಸದವರು ಮಾಲೀಕನ ಉತ್ತರ ಕೊಡುತ್ತಾರೆ, ಎರಡನೆಯ ಸಲ ಕೇಳಿದರೆ ತಮ್ಮ ಉತ್ತರ ಕೊಡುತ್ತಾರೆ. ಆಗ ಹೊಸ ಹುಮ್ಮಸ್ಸು. ದಿನಾ ಸಂಜೆ ಮನೆಗೆ ಹೋಗಿ ಅವತ್ತು ಯಾವ ಮಿಲ್ಲಿನಲ್ಲಿ ಎರಡನೆಯ ಸಲಕ್ಕೆ ಏನು ನಿಜ ಹೊರಬಿತ್ತು ಎಂದು ಹೆಂಡತಿಗೆ ಹೇಳುತ್ತಿದ್ದೆ. ಅವಳಿಗೂ ಬೇರೆ ಯಾರಿದ್ದರು ಮಾತಾಡಲು...

ಅಷ್ಟು ಹೇಳಿ ನಿಲ್ಲಿಸಿದೆ. ರೈಲು ಭರೂಚ್‌ನ ಸೇತುವೆಯ ಮೇಲಿತ್ತು. ಕೆಳಗೆ ನರ್ಮದೆ, ಇಳಿಬಿಸಿಲು. ಹಿತೇಶ್‌ಭಾಯಿ ಏನೋ ಕೇಳುತ್ತಿದ್ದರು, ನನಗೆ ಕೇಳಿಸುತ್ತಿರಲಿಲ್ಲ.

ಮನೆಗೆ ಬಂದು ಎರಡನೆಯ ಡೈರಿ ತೆಗೆದೆ. ಮರುಕೇಳಿಕೆಯವರ ಪಂಥ ಹುಟ್ಟಿದ ಬಗೆಯನ್ನು ಅವಳು ಬರೆದಿದ್ದ ಪುಟ. ನೂರು ಸಲ ಓದಿದ್ದ ಪುಟವೇ. ಅದರಲ್ಲಿ ಹೀಗಿದೆ: ‘ನಮ್ಮ ಪಂಥದ ಮೊದಲಿನವರಿಗೆ ಹೆಸರಿಲ್ಲ. ಅವರು ದಿನಾ ಸಂಜೆ ಹೊಗೆಯ ಊರಿನಿಂದ ನಡೆದು ಬರುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಕೊಡವುತ್ತಿದ್ದರು. ನೀರು ಕೇಳುತ್ತಿದ್ದರು. ಕುಡಿದಾದ ಮೇಲೆ, ಇವತ್ತೂ ನಿಜ ಎರಡನೆಯ ಸಲಕ್ಕೇ ಸಿಕ್ಕಿತು ಎನ್ನುತ್ತಿದ್ದರು. ಆಗ ಶಿಷ್ಯರು ಇರಲಿಲ್ಲ. ಕೇಳುವವರು ಒಬ್ಬರೇ ಇದ್ದರು. ಆ ಒಬ್ಬರಿಗೆ ದಿನವೆಲ್ಲ ಬೇರೆ ಮಾತು ಇರಲಿಲ್ಲವಾದ್ದರಿಂದ ಆ ಒಂದು ಮಾತನ್ನೇ ಜೋಪಾನ ಮಾಡಿದರು.’

ಮೂರು ವರ್ಷ ನಾನು ನನ್ನನ್ನು ನಗುವವರಲ್ಲಿ, ಗೊರಕೆ ಹೊಡೆಯುವವರಲ್ಲಿ, ಮಾತು ತುಂಡರಿಸುವವರಲ್ಲಿ ಹುಡುಕಿದ್ದೆ. ಅವಳು ನನ್ನ ಮೇಲೆ ಸಿಟ್ಟು ತೀರಿಸಿಕೊಂಡಿರುತ್ತಾಳೆ ಎಂದೇ ನಂಬಿದ್ದೆ. ಅವಳು ನನ್ನನ್ನು ಗುರುವಿನ ಜಾಗದಲ್ಲಿ ಕೂರಿಸಿದ್ದಳು. ಯಾವ ಪಂಥವನ್ನು ಓದಿ ನಾನು ಮನೆಯ ತುಂಬ ಜನರನ್ನು ನಗಿಸಿದ್ದೆನೋ ಅದನ್ನು ಅವಳು ನನ್ನ ಬಾಯಿಂದಲೇ ಎತ್ತಿಕೊಂಡಿದ್ದಳು. ನಗುವಾಗ ಅವಳಿಗೆ ಎಷ್ಟು ನೋವಾಗಿರಬೇಕು ಎಂದು ಅವತ್ತು ಮೊದಲ ಸಲ ತಿಳಿಯಿತು.

ಇನ್ನು ಆ ಎರಡು ದಿನದ ವಿಷಯ ಹೇಳಲೇಬೇಕು. ಅವಳು ಬೆಳಿಗ್ಗೆ ಅಡುಗೆಮನೆಯಲ್ಲಿ ಕಟ್ಟೆ ಹಿಡಿದು ನಿಂತದ್ದನ್ನು ನಾನು ನೋಡಿದೆ. ‘ಯಾಕ, ಏನಾತು? ದವಾಖಾನಿಗೆ ಹೋಗೋಣೇನ?’ ಎಂದು ಕೇಳಿದೆ. ‘ಬೇಡಾರೀ, ಗ್ಯಾಸ್ ಅಷ್ಟೆ. ಜೀರಿಗೆ ಕಷಾಯ ಕುಡಿದ್ರೆ ಹೋಗತ್ತೆ’ ಎಂದಳು. ಸರಿ ಎಂದು ಬ್ಯಾಗ್ ತೆಗೆದುಕೊಂಡು ಮಕರಪುರದ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಗೆ ಹೋದೆ. ಅಲ್ಲಿ ಒಬ್ಬ ವೆಲ್ಡರನ್ನು, ಮುಖದ ಕವಚ ದಿನಾ ಹಾಕುತ್ತೀಯಾ ಎಂದು ಎರಡು ಸಲ ಕೇಳಿದೆ. ಎಣ್ಣೆಯ ಟ್ಯಾಂಕಿನ ಕಾವಲುಗಾರನನ್ನು ಎರಡು ಸಲ ಕೇಳಿದೆ. ಮನೆಯಲ್ಲಿ ಅವಳನ್ನು ಒಂದೇ ಸಲ ಕೇಳಿದ್ದೆ. ಅವತ್ತೂ, ಮರುದಿನವೂ, ತಿರುಗಿ ಬಂದು ಕೇಳಲಿಲ್ಲ. ನಾಲ್ಕೇ ಹೆಜ್ಜೆ ಇತ್ತು, ಅಡುಗೆಮನೆಯಿಂದ ಬಾಗಿಲಿಗೆ.

ಹದಿನೈದು ದಿನ ಬಿಟ್ಟು, ಬಾಗಿಲು ಪರಿಶೀಲಿಸುವ ನೆಪ ಮಾಡಿಕೊಂಡು ಪಾಂಡೇಸರಾಕ್ಕೆ ಮತ್ತೆ ಹೋದೆ. ಜಮುನಾ ಅದೇ ಜಾಗದಲ್ಲಿ ನಿಂತು ಮಡಿಸುತ್ತಿದ್ದಳು. ನನ್ನನ್ನು ನೋಡಿ ಗುರುತಿನ ನಗೆ ನಕ್ಕು, ಕಬ್ಬಿಣದ ಬಾಗಿಲ ಕಡೆ ಕೈ ತೋರಿಸಿ, ‘ಅಬ್ ಖುಲಾ ಹೈ ಸಾಬ್’ ಎಂದಳು. ನಾನು ಅವಳೆದುರು ನಿಂತೇ ಇದ್ದೆ. ಈಗ ನನ್ನ ಬಳಿ ಉತ್ತರವಿತ್ತು. ಕೇಳಲಿ ಎಂದು ಕಾದೆ. ಅವಳು ನಾಲ್ಕೈದು ಸೀರೆ ಮಡಿಸಿದಳು, ಆಮೇಲೆ ಸಂಕೋಚದಿಂದ ಸೆರಗು ಸರಿಮಾಡಿಕೊಂಡಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ನಾನು ಕೆಳಗಿಳಿದು ಬಂದೆ.

ನಾಲ್ಕನೆಯ ಡೈರಿಯಲ್ಲಿ ಒಬ್ಬ ಶಿಷ್ಯ, ಎರಡನೆಯ ಸಲವೂ ಸರಿಯಾದ ಉತ್ತರ ಸಿಗದಿದ್ದರೆ ಏನು ಮಾಡಬೇಕು ಎಂದು ಕೇಳುತ್ತಾನೆ. ಮೂರನೆಯ ಸಲ ಕೇಳುವ ಪದ್ಧತಿ ನಮ್ಮಲ್ಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅದನ್ನು ಬರೆದವಳು ಅವಳೇ. ಬರೆಯುವಾಗ ಅವಳಿಗೇನು ಗೊತ್ತಿತ್ತು.

ಮೈತ್ರಿಗೆ ಈಗ ಭಾನುವಾರಗಳಂದು ಫೋನಿನಲ್ಲಿ ಒಂದೊಂದು ಪುಟ ಓದಿ, ಅರ್ಥ ಹೇಳುತ್ತೇನೆ. ಪಾಂಡೇಸರಾದ ಸಂಗತಿಯನ್ನು ಅವಳಿಗೆ ಹೇಳಿಲ್ಲ. ಏನೆಂದು ಹೇಳಲಿ? ಒಡಿಶಾದ ಹೆಂಗಸಿನ ಬಾಯಲ್ಲಿ ನಂಜನಗೂಡಿನ ಕನ್ನಡ ಹೇಗೆ ಬಂತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ವೈರಿಂಗ್ ಹಳೆಯದು ಎಂದು ಹೇಳುವ ಹಾಗಿಲ್ಲ. ನೀವು ನಂಬಬೇಕೆಂದು ನಾನು ಒತ್ತಾಯಿಸುವುದೂ ಇಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ಆದರೂ ದಿನಾ ಸಂಜೆ ಮನೆಗೆ ಬಂದವನು ಬಾಗಿಲಲ್ಲಿ ಚಪ್ಪಲಿ ಕೊಡವುತ್ತೇನೆ. ಒಳಗೆ ಹೋಗಿ ನೀರು ಬಗ್ಗಿಸಿಕೊಂಡು ಕುಡಿಯುತ್ತೇನೆ. ಆಮೇಲೆ ಅಡುಗೆಮನೆಯ ಕಟ್ಟೆಯ ಕಡೆ ನೋಡಿ, ‘ಸಿಕ್ಕೀನಿ’ ಎನ್ನುತ್ತೇನೆ. ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು, ಇನ್ನೊಮ್ಮೆ ಹೇಳುತ್ತೇನೆ.